ಕೂರುವ ಸಾಲಿನ ಇಲಿಗಳಿಗೆ ನಾನು ಮಾಡಿದ್ದು

ಇಲಿಯನ್ನು ಬಾಲ ಹಿಡಿದು ಎತ್ತಬಾರದು. ಪ್ರಾಣಿಗೃಹದ ಕೆಲಸಕ್ಕೆ ಹೊಸದಾಗಿ ಸೇರಿದವರು ಮೊದಲು ಮಾಡುವ ತಪ್ಪು ಅದೇ. ಬಾಲ ಕೈಗೆ ಸುಲಭವಾಗಿ ಸಿಗುತ್ತದೆ. ಹಿಡಿದೆಳೆದರೆ ಅದರ ಚರ್ಮ ಸುಲಿದು ನಿಮ್ಮ ಬೆರಳಲ್ಲೇ ಉಳಿಯುತ್ತದೆ. ಅಂಗೈಯನ್ನು ಬೆನ್ನಿನ ಮೇಲಿಟ್ಟು, ಹೆಬ್ಬೆರಳು ಒಂದು ಕಂಕುಳಿಗೆ, ಉಳಿದ ಬೆರಳುಗಳು ಇನ್ನೊಂದು ಕಂಕುಳಿಗೆ ಬರುವಂತೆ ಹಿಡಿದು ಎತ್ತಬೇಕು. ಎತ್ತಿದ ಕೂಡಲೇ ಎದೆಗೆ ಒರಗಿಸಿಕೊಳ್ಳಬೇಕು. ಎರಡು ಮೂರು ದಿನ ಹೀಗೆ ಮಾಡಿ ನೋಡಿ. ನಾಲ್ಕನೆಯ ದಿನ ಪಂಜರದ ಬಾಗಿಲು ತೆಗೆದರೆ ಅದೇ ಮುಂದೆ ಬಂದು ನಿಮ್ಮ ಬೆರಳು ಮೂಸುತ್ತದೆ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿದವನು. ಹುಕ್ಕೇರಿ ರಸ್ತೆಯ ಮೇಲಿದ್ದ ಒಂದು ವೈದ್ಯಕೀಯ ಕಾಲೇಜಿನ ಶರೀರಶಾಸ್ತ್ರ ವಿಭಾಗದಲ್ಲಿ ಅಟೆಂಡರ್ ಆಗಿದ್ದೆ. ಕಾಲೇಜಿನ ಹೆಸರು ಇಲ್ಲಿ ಬೇಡ. ತೊಂಬತ್ತರ ದಶಕದ ಆರಂಭದಲ್ಲಿ, ಆಗಲೇ ನಡುವಯಸ್ಸಿಗೆ ಬಂದಿದ್ದಾಗ, ಸೇರಿದೆ. ಎರಡು ಸಾವಿರದ ದಶಕ ಮುಗಿಯುವ ಮೊದಲು ನಿವೃತ್ತನಾದೆ. ಈ ಕೆಲಸಕ್ಕೆ ಬರುವ ಹುಡುಗರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ಇಲಿ ಹಿಡಿಯುವುದನ್ನು ಯಾರಾದರೂ ಕಲಿಸಿಯಾರು. ನಾನು ಮಾಡಿದ ಒಂದು ತಪ್ಪನ್ನು ಮಾತ್ರ ನಾನೇ ಹೇಳಬೇಕು.

ನಮ್ಮದು ಮೂಡಲಗಿ ಕಡೆಯ ಜೈನರ ಮನೆ. ಕಬ್ಬು, ಗೋವಿನಜೋಳದ ಹೊಲ. ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಊಟ ಮುಗಿದಿರಬೇಕು. ಇರುವೆ ಸತ್ತರೂ ಅವ್ವ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದಳು. ಅಂಥ ಮನೆಯಿಂದ ನಾನು ಇಲಿ ಕೊಯ್ಯುವ ವಿಭಾಗಕ್ಕೆ ಹೋದೆ. ಪಗಾರ ಬೇಕಾಗಿತ್ತು, ಹೋದೆ. ಅವ್ವನಿಗೆ ಖರೆ ಹೇಳಲು ಬಾಯಿ ಬರಲಿಲ್ಲ.

"ಏನ್ ಕೆಲಸೋ ಪಾಯಪ್ಪ?" ಎಂದು ಕೇಳಿದಳು.

"ಪ್ರಾಣಿ ಸಾಕೂದು ಬೇ. ಮೇವ ಹಾಕೂದು, ನೀರಿಡೂದು, ಕಸಾ ಬಳಿಯೂದು."

"ಚಲೋ ಆತು. ಜೀವಾ ಸಾಕೂ ಕೆಲಸ ಸಿಕ್ತಲ್ಲ."

ಸಾಕುವುದು ಖರೆಯೇ ಆಗಿತ್ತು. ಎಂಟು ವಾರ ಸಾಕಿದ ಮೇಲೆ ಏನಾಗುತ್ತದೆ ಎಂಬುದನ್ನು ನಾನು ಹೇಳಲಿಲ್ಲ, ಅಷ್ಟೆ.

ವಿಭಾಗದ ಮುಖ್ಯಸ್ಥರು ದೇಶಪಾಂಡೆ ಸರ್. ಎತ್ತರದ ಆಳು, ಬಿಳಿ ಕೋಟಿನ ಕಿಸೆಯಲ್ಲಿ ಯಾವಾಗಲೂ ಅಡಿಕೆ. ಚಹಾ ಕುಡಿಯುತ್ತಿದ್ದದ್ದು ಗಾಜಿನ ಬೀಕರಿನಲ್ಲಿ. ಅದನ್ನು ಮೂರು ಸಲ ತೊಳೆದು ತೋರಿಸಿದರೆ ಮಾತ್ರ ಚಹಾ ಹಾಕಿಸಿಕೊಳ್ಳುತ್ತಿದ್ದರು. ಆಗಿನ ಕಾಲಕ್ಕೆ ವಿದ್ಯಾರ್ಥಿಗಳಿಗೆ ಕಪ್ಪೆಯ ಕಾಲಿನ ಸ್ನಾಯು ಕುಣಿಸಿ ತೋರಿಸುತ್ತಿದ್ದರು. ಮಸಿ ಬಳಿದ ಕಾಗದ ಸುತ್ತಿದ ಉರುಳೆ ತಿರುಗುತ್ತಿತ್ತು, ಅದರ ಮೇಲೆ ಒಂದು ಸೂಜಿ ಗೆರೆ ಎಳೆಯುತ್ತಿತ್ತು. ಆ ಕಾಗದಕ್ಕೆ ಸೀಮೆಎಣ್ಣೆಯ ಹೊಗೆ ಹಿಡಿಸುವುದು ನನ್ನ ಕೆಲಸ. ಸಂಜೆ ಮೂಗಿನಿಂದ ಕಪ್ಪು ಬರುತ್ತಿತ್ತು. ಕೆಲವು ವರ್ಷಗಳ ನಂತರ ಕಪ್ಪೆ ನಿಂತವು, ಕಂಪ್ಯೂಟರ್ ಪರದೆಯ ಮೇಲೆ ಗೆರೆ ಬರತೊಡಗಿತು. ಹೊಸ ಹುಡುಗರಿಗೆ ಮಸಿ ಕಾಗದ ಎಂದರೆ ಗೊತ್ತೇ ಇಲ್ಲ. ಕಪ್ಪೆಗಳ ಸಲುವಾಗಿ ನನಗೆ ಸಮಾಧಾನವಾಯಿತು.

ಮೊದಲ ವರ್ಷಗಳಲ್ಲಿ ಸರ್ ಇಲಿಗಳನ್ನು ಈಜಿಸುವ ಪ್ರಯೋಗ ಮಾಡುತ್ತಿದ್ದರು. ದೊಡ್ಡ ಬ್ಯಾರಲಿನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ಇಲಿಗಳನ್ನು ಬಿಡುವುದು, ಗಡಿಯಾರ ನೋಡಿ ಹೊತ್ತಾದ ಮೇಲೆ ತೆಗೆಯುವುದು, ಒರೆಸಿ ಒಣಗಿಸುವುದು. ಒಂದು ಚಳಿಗಾಲದ ಬೆಳಗ್ಗೆ ನಾನು ನೀರಿಗೆ ಬಿಸಿನೀರು ಬೆರೆಸುವುದನ್ನು ಮರೆತೆ. ಮರೆತದ್ದಲ್ಲದೆ, ಇಲಿಗಳನ್ನು ಬಿಟ್ಟು ಚಹಾದಂಗಡಿಗೆ ಹೋಗಿ ಬಂದೆ. ಬಂದು ನೋಡಿದರೆ ಒಂದು ಇಲಿ ತಳದಲ್ಲಿತ್ತು. ಸರ್ ಕೋಣೆಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿದೆ. ಕೆಲಸ ಹೋಯಿತು ಎಂದುಕೊಂಡಿದ್ದೆ.

ಸರ್ ಬೈಯಲಿಲ್ಲ. ನೋಂದಣಿ ಪುಸ್ತಕ ತರಿಸಿದರು. "ಬರಿ. ನೀರ ತಣ್ಣಗಿತ್ತು, ನಾ ಚಾ ಕುಡ್ಯಾಕ ಹೋಗಿದ್ನಿ, ಇಲಿ ಮುಳುಗಿ ಸತ್ತಿತು, ಅಂತ ಬರಿ."

"ಚಾದ್ದೂ ಬರೀಬೇಕೇನ್ರಿ ಸರ್?"

"ಚಾದ್ದ ಮೊದಲ ಬರಿ." ನಾನು ಬರೆದು ಮುಗಿಸಿದ ಮೇಲೆ ಓದಿ ಸಹಿ ಮಾಡಿದರು. "ನೋಡ್ ಪಾಯಪ್ಪ, ಇವತ್ತ ಒಂದ ಇಲಿ ಹೋತು. ನೀ ಬರೀದಿದ್ರ ಬ್ಯಾರಲಿನ್ಯಾಗಿನ ಎಲ್ಲಾ ಇಲಿ ಹೋಗತಿದ್ವು ನನಗ. ಯಾವುದನ್ನೂ ನಂಬಾಕ ಬರ್ತಿರಲಿಲ್ಲ."

ಆ ಮಾತು ಆಗ ನನಗೆ ಪೂರ್ತಿ ತಿಳಿಯಲಿಲ್ಲ. ಬೈಸಿಕೊಳ್ಳದೆ ಪಾರಾದೆ ಎಂಬುದಷ್ಟೇ ತಿಳಿಯಿತು.

ಶೈಲಜಾ ಮೇಡಂ ಬಂದದ್ದು ಶತಮಾನ ಬದಲಾಗುವ ಸುಮಾರಿಗೆ. ಗೋಕಾಕದವರೇ. ಪಿಎಚ್‌ಡಿ ಮಾಡಲು ಸರ್ ಕೈಕೆಳಗೆ ಸೇರಿದ್ದರು. ಮೊದಲ ದಿನವೇ ಪ್ರಾಣಿಗೃಹಕ್ಕೆ ಬಂದು ಚಪ್ಪಲಿ ಹೊರಗೆ ಬಿಟ್ಟರು. ಅಲ್ಲಿಗೆ ಚಪ್ಪಲಿ ಬಿಟ್ಟು ಬಂದವರು ಅದಕ್ಕೂ ಮೊದಲು ಯಾರೂ ಇರಲಿಲ್ಲ.

"ಪಾಯಪ್ಪಣ್ಣ, ನನಗ ಇಲಿ ಹಿಡಿಯೂದು ಕಲಸ್ರಿ," ಎಂದರು.

"ಡಾಕ್ಟ್ರದೀರಿ, ನಿಮಗ ನಾ ಏನ್ ಕಲಸೂದ್ರಿ ಮೇಡಂ?"

"ಮನಶಾರ್ನ ಹಿಡಿಯೂದು ಕಲತೇನಿ. ಅವ್ರು ಕಡಿಯಂಗಿಲ್ಲ."

ಎರಡು ದಿನದಲ್ಲಿ ಕಲಿತರು. ಅವರ ಕೈ ಹಗುರ. ಅವರು ಚುಚ್ಚುಮದ್ದು ಕೊಟ್ಟರೆ ಇಲಿ ಕೀ ಎನ್ನುತ್ತಿರಲಿಲ್ಲ. ಇದನ್ನು ನೆನಪಿಡಿ, ಮುಂದೆ ಅದೇ ಕೈಯ ಮೇಲೆ ದೂರು ಬಂತು.

ಅವರ ವಿಷಯ ಸಕ್ಕರೆ ಕಾಯಿಲೆ ಮತ್ತು ಮೆದುಳು. ನನಗೆ ಹೀಗೆ ಬಿಡಿಸಿ ಹೇಳಿದ್ದರು: ಕೈಗೆ ಗಾಯವಾದರೆ ಸುತ್ತಲೂ ಕೆಂಪಾಗಿ ಬಾತುಕೊಳ್ಳುತ್ತದೆ. ಸಕ್ಕರೆ ಬಹಳ ದಿನ ಏರಿಯೇ ಇದ್ದರೆ ಮೆದುಳಿನ ಒಳಗೂ ಅಂಥದೇ ಒಂದು ಸಣ್ಣ ಉರಿ ಹತ್ತುತ್ತದೆ. ಹೊರಗೆ ಕಾಣುವುದಿಲ್ಲ, ನೋಯುವುದಿಲ್ಲ, ಮರೆವು ಬರುತ್ತದೆ. ದಿನಾ ಓಡಾಡಿದರೆ ಆ ಉರಿ ಇಳಿಯುತ್ತದೆಯೇ? ಅದನ್ನು ನೋಡಬೇಕಾಗಿತ್ತು.

ನೋಡಬೇಕಾದರೆ ಇಲಿಗಳನ್ನು ಓಡಿಸಬೇಕು. ಈಜಿಸಿದರೆ ಅಂಜುತ್ತವೆ, ಅಂಜಿಕೆಯೇ ಮೆದುಳನ್ನು ಕೆಡಿಸುತ್ತದೆ ಎಂದು ಮೇಡಂ ಬ್ಯಾರಲ್ ಬೇಡವೆಂದರು. ಪರದೇಶದ ಓಡುವ ಯಂತ್ರ ತರಿಸುವ ಮಾತೇ ಇರಲಿಲ್ಲ. ಗೋಕಾಕದಲ್ಲಿ ಇಮಾಮ್ ಮಿಸ್ತ್ರಿಯ ಲೇಥ್ ಅಂಗಡಿ ಇತ್ತು. ನಾನೇ ಕರೆದುಕೊಂಡು ಹೋದೆ. ಮಿಸ್ತ್ರಿ ಮೇಡಂ ಬರೆದಿದ್ದ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇದರ ಮ್ಯಾಲ ಏನ್ ಓಡತೈತ್ರಿ ಬಾಯಾರ?"

"ಇಲಿ."

"ಎಲ್ಲಿಗೆ ಹೋಗಾಕ್ರಿ?"

"ಎಲ್ಲಿಗೂ ಇಲ್ಲ ಕಾಕಾ. ಸಕ್ಕರಿ ಕಾಯಿಲೆ ಐತಿ ಅವಕ್ಕ. ವಾಕಿಂಗ್ ಮಾಡಬೇಕು."

ಮಿಸ್ತ್ರಿ ನನ್ನ ಮುಖ ನೋಡಿದ. "ಪಾಯಪ್ಪ, ನನಗೂ ಸಕ್ಕರಿ ಐತಿ. ಇದರ ಬಾಜೂ ನಂದೊಂದು ಪಟ್ಟಾ ಕುಂಡ್ರಸಲೇನು?"

ಹಿಟ್ಟಿನ ಗಿರಣಿಯ ಹಳೆಯ ಪಟ್ಟಾ, ಹೊಲಿಗೆ ಯಂತ್ರದ ಮೋಟಾರು, ನಡುನಡುವೆ ತಗಡಿನ ಗೋಡೆ ಇಟ್ಟು ಆರು ಓಣಿ. ಮೊದಲ ದಿನ ಪಟ್ಟಾ ಎಷ್ಟು ಜೋರಾಗಿ ತಿರುಗಿತೆಂದರೆ ಆರೂ ಇಲಿ ಹಿಂದಕ್ಕೆ ಬಂದು ಒಂದರ ಮೇಲೊಂದು ಬಿದ್ದವು. ಮಿಸ್ತ್ರಿ ಮೂರು ಸಲ ಬಂದು ವೇಗ ಇಳಿಸಿಕೊಟ್ಟ. ನಿಂತ ಇಲಿಯನ್ನು ಓಡಿಸಲು ಕರೆಂಟಿನ ಪೆಟ್ಟು ಕೊಡುವುದು ರೂಢಿಯಂತೆ. ಮೇಡಂ ಒಪ್ಪಲಿಲ್ಲ. ಬಣ್ಣ ಬಳಿಯುವ ಮೆತ್ತನೆಯ ಕುಂಚದಿಂದ ಬೆನ್ನಿಗೆ ಮುಟ್ಟಿದರೆ ಸಾಕು ಎಂದರು. ಹಾಗೆ ದಿನಾ ಬೆಳಗ್ಗೆ ಕುಂಚ ಹಿಡಿದು ಇಲಿಗಳ ಹಿಂದೆ ಕೂರುವುದು ನನ್ನ ಕೆಲಸವಾಯಿತು. ಕರೆಂಟು ಹೋದಾಗ ಪಟ್ಟಾದ ಗಾಲಿಯನ್ನು ಕೈಯಿಂದ ತಿರುಗಿಸುತ್ತಿದ್ದೆ. ಇಲಿಗಳಿಗಿಂತ ನನಗೇ ಹೆಚ್ಚು ವ್ಯಾಯಾಮವಾಗುತ್ತಿತ್ತು.

ಮೇಡಂ ಇಲಿಗಳನ್ನು ಎರಡು ಸಾಲು ಮಾಡಿದರು. ಎರಡೂ ಸಾಲಿಗೆ ಸಕ್ಕರೆ ಕಾಯಿಲೆ ಬರಿಸುವ ಚುಚ್ಚುಮದ್ದು. ಒಂದು ಸಾಲು ದಿನಾ ಓಡಬೇಕು, ಇನ್ನೊಂದು ಪಂಜರದಲ್ಲೇ ಕೂತಿರಬೇಕು. ಎಂಟು ವಾರದ ನಂತರ ಎರಡರ ಮೆದುಳನ್ನೂ ಹೋಲಿಸಿ ನೋಡಬೇಕು. ನಾನು ಅವಕ್ಕೆ ಓಡುವ ಸಾಲು, ಕೂರುವ ಸಾಲು ಎನ್ನುತ್ತಿದ್ದೆ, ಮೇಡಂ ಸಹ ಹಾಗೇ ಅನ್ನತೊಡಗಿದರು. ಉಳಿದದ್ದೆಲ್ಲ ಎರಡೂ ಸಾಲಿಗೆ ಒಂದೇ ಆಗಿರಬೇಕು: ಅದೇ ನೀರು, ಅದೇ ಬೆಳಕು, ಅದೇ ಆಹಾರ. ಆಹಾರ ಯಾವಾಗಲೂ ಪಂಜರದ ಬುಟ್ಟಿಯಲ್ಲಿ ಇರಬೇಕು, ಬೇಕೆನಿಸಿದಾಗ ತಿನ್ನಬೇಕು. ದಿನಾ ಬೆಳಗ್ಗೆ ಉಳಿದದ್ದನ್ನು ತೂಗಿ, ಎಷ್ಟು ತಿಂದವೆಂದು ಪುಸ್ತಕದಲ್ಲಿ ಬರೆಯಬೇಕು. ಅದು ನನ್ನ ಪಾಲಿನ ಕೆಲಸ.

ಸಕ್ಕರೆ ಏರಿದ ಇಲಿಗಳು ಬಾಟಲಿಗಟ್ಟಲೆ ನೀರು ಕುಡಿಯುತ್ತವೆ, ಕಟ್ಟಿಗೆ ಹೊಟ್ಟು ದಿನಕ್ಕೆ ಎರಡು ಸಲ ತೊಯ್ಯುತ್ತದೆ. ಎಷ್ಟು ತಿಂದರೂ ಸೊರಗುತ್ತವೆ. ಇಲಿಗಳಿಗೆ ಹೆಸರು ಇಡಬಾರದೆಂದು ಸರ್ ಹೇಳಿದ್ದರು. ನಾನು ಇಟ್ಟಿರಲಿಲ್ಲ. ಆದರೆ ಗುರುತಿಗೆ ಹಚ್ಚಿದ ಹಳದಿ ಬಣ್ಣವೇ ಹೆಸರಿನಂತೆ ಆಗಿತ್ತು. ತಲೆಗೆ ಬಣ್ಣವಿದ್ದದ್ದು ಬಾಟಲಿ ಹಿಡಿದು ಮಲಗುತ್ತಿತ್ತು. ಬೆನ್ನಿಗೆ ಎರಡು ಗೆರೆ ಇದ್ದದ್ದು ನನ್ನ ಅಂಗಿಯ ತೋಳಿನೊಳಗೆ ಹೊಕ್ಕು ಬಗಲಲ್ಲಿ ಕೂರುತ್ತಿತ್ತು. ಎರಡೂ ಕೂರುವ ಸಾಲಿನವು.

ಆ ದಿನಗಳಲ್ಲಿ ಒಮ್ಮೆ ಊರಿಗೆ ಹೋದಾಗ ಅವ್ವ ಮುಖ ತಿರುಗಿಸಿ ಕೂತಿದ್ದಳು. ನಮ್ಮ ಕಾಲೇಜಿಗೆ ಔಷಧಕ್ಕೆ ಬಂದಿದ್ದ ಊರಿನವರೊಬ್ಬರು ನನ್ನ ಕೆಲಸ ಏನೆಂದು ಅವಳಿಗೆ ಪೂರ್ತಿ ಹೇಳಿಬಿಟ್ಟಿದ್ದರು.

"ಸಾಕತೇನಿ ಅಂದಿದ್ದಿ. ಕೊಲ್ಲಾಕ ಸಾಕತೇನಿ ಅನ್ನಲಿಲ್ಲ."

"ಬೇ, ಮನಶಾರ ಬ್ಯಾನಿ ಕಡಿಮಿ ಮಾಡಾಕ..."

"ಅದು ನಿಮ್ಮ ಡಾಕ್ಟ್ರ ಮಾತು. ನೀ ಪಾಯಪ್ಪದೀ." ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ಅವು ಹೊತ್ತ ಮುಳಗಿದ ಮ್ಯಾಲೂ ತಿಂತಾವೇನು?"

"ಇಲಿ ಬೇ ಅವು. ರಾತ್ರೀನ ತಿನ್ನೂದು."

"ಒಂದೂ ಪುಣ್ಯಾ ಕಟಗೊಳ್ಳದ ಹೋಗತಾವಲ್ಲೋ. ನಿನ್ನ ಕೈಯಾಗ ಅದಾವ, ನಿನಗ ಆಗೂವಷ್ಟ ಏನಾರ ಮಾಡು."

ಅವಳು ಹೇಳಿದ್ದು ಅಷ್ಟೆ. ಉಳಿದದ್ದು ನನ್ನ ತಲೆಯ ಕೆಲಸ. ನಮ್ಮ ಮನೆಯಲ್ಲಿ ಒಂದು ರಿಯಾಯಿತಿ ಇತ್ತು. ಹೊತ್ತು ಮುಳುಗಿದ ಮೇಲೆ ಉಣ್ಣಬಾರದು, ಆದರೆ ಹೊಲಕ್ಕೆ ನೀರು ಹಾಯಿಸಿ ತಡವಾಗಿ ಬಂದ ಗಂಡಸರಿಗೆ ಅವ್ವ ತಾನೇ ಬಡಿಸುತ್ತಿದ್ದಳು. ದುಡಿದು ಬಂದವರಿಗೆ ದೋಷವಿಲ್ಲ, ಕೂತು ಉಣ್ಣುವವರು ಹೊತ್ತು ನೋಡಿ ಉಣ್ಣಬೇಕು ಎನ್ನುತ್ತಿದ್ದಳು. ನಾನು ಆ ಲೆಕ್ಕವನ್ನು ಪಂಜರಗಳಿಗೆ ಹಚ್ಚಿದೆ. ಓಡುವ ಸಾಲಿನವು ದುಡಿಯುವ ಜೀವಗಳು, ಯಾವಾಗ ಬೇಕಾದರೂ ಉಣ್ಣಲಿ. ಕೂರುವ ಸಾಲಿನವು ಮನೆಯಲ್ಲಿ ಕೂತ ಹಿರಿಯರಂತೆ, ಅವು ನೇಮ ಹಿಡಿದು ಅಷ್ಟಾದರೂ ಪುಣ್ಯ ಕಟ್ಟಿಕೊಳ್ಳಬಹುದು.

ಹೀಗೆ ಪ್ರಯೋಗದ ಎರಡನೆಯ ವಾರದಿಂದ, ಹೊತ್ತು ಇಳಿಯುವಾಗ ಕೂರುವ ಸಾಲಿನ ಬುಟ್ಟಿಗಳನ್ನು ತೆಗೆದಿಡುತ್ತಿದ್ದೆ, ಬೆಳಕು ಹರಿದ ಮೇಲೆ ಮತ್ತೆ ಇಡುತ್ತಿದ್ದೆ. ನಾನಿದ್ದದ್ದು ಕಾಲೇಜಿನ ಹಿಂದಿನ ಕೋಣೆಯಲ್ಲೇ, ನೋಡುವವರು ಯಾರೂ ಇರಲಿಲ್ಲ. ಮೇಡಂ ಬರುವ ಹೊತ್ತಿಗೆ ಬುಟ್ಟಿ ತುಂಬಿರುತ್ತಿತ್ತು. ಮನಸ್ಸಿಗೆ ಎಷ್ಟೋ ವರ್ಷಗಳ ನಂತರ ಹಗುರವೆನಿಸಿತ್ತು. ನಾನು ಅವುಗಳಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದು ಖರೆಯಾಗಿ ನಂಬಿದ್ದೆ.

ಮೊದಲ ಸಲ ಬುಟ್ಟಿ ತೆಗೆದಿಟ್ಟ ಮರುದಿನ ಬೆಳಗ್ಗೆ ತೂಗಿದೆ. ಇಲಿಗಳು ರಾತ್ರಿ ಉಣ್ಣುವವು, ಹಗಲು ನಿದ್ದೆಗಣ್ಣಿನಲ್ಲಿ ಅಷ್ಟು ತಿನ್ನಲಾರವು. ಉಳಿದದ್ದು ಬಹಳವಿತ್ತು. ಹಾಗೇ ಬರೆದರೆ ಮೇಡಂ ಕೇಳುತ್ತಾರೆ. ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತೆ. ಆಮೇಲೆ ಹಿಂದಿನ ವಾರದ ಅಂಕಿಗಳನ್ನು ನೋಡಿ, ಒಂದಿಷ್ಟು ಅತ್ತ ಇತ್ತ ಮಾಡಿ, ಅವನ್ನೇ ಬರೆದೆ. ದಿನಾ ಹಾಗೇ ಬರೆದೆ. ಕೆಲವು ದಿನಗಳ ನಂತರ ಆ ಸಾಲಿನದನ್ನು ತೂಗುವುದನ್ನೇ ಬಿಟ್ಟೆ. ತೂಗಿ ಮಾಡುವುದೇನಿತ್ತು?

ವಾರಕ್ಕೊಮ್ಮೆ ಮೇಡಂ ಬಾಲದ ತುದಿಯಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡುತ್ತಿದ್ದರು. ಮೊದಲು ರಕ್ತವನ್ನು ಬೇರೆ ವಿಭಾಗಕ್ಕೆ ಹೊತ್ತು ಒಯ್ದು ಸಂಜೆಯವರೆಗೆ ಕಾಯಬೇಕಿತ್ತು. ಆ ಹೊತ್ತಿಗೆ ಅಂಗೈಯಗಲದ ಯಂತ್ರ ಬಂದಿತ್ತು, ಅಲ್ಲೇ ಅಂಕಿ ತೋರಿಸುತ್ತಿತ್ತು. ಕೂರುವ ಸಾಲಿನ ಅಂಕಿ ವಾರ ವಾರ ಇಳಿಯತೊಡಗಿತು. ಮೇಡಂ ಯಂತ್ರವನ್ನು ಅಲ್ಲಾಡಿಸಿ ನೋಡಿದರು, ಬೇರೆ ಯಂತ್ರ ತಂದು ನೋಡಿದರು. ಆಮೇಲೆ ಆಹಾರದ ಪುಸ್ತಕ ತೆರೆದರು.

"ತಿನ್ನೂದೇನ ಕಡಿಮಿ ಆಗಿಲ್ಲಲ್ಲ ಪಾಯಪ್ಪಣ್ಣ?"

"ಇಲ್ರಿ ಮೇಡಂ. ಮೊದಲಿನಂಗ ತಿನ್ನಾಕತ್ತಾವ."

ಅದನ್ನು ಅವರ ಮುಖ ನೋಡಿಯೇ ಹೇಳಿದೆ. ಇಷ್ಟು ವರ್ಷಗಳಾದರೂ ಆ ಮಾತು ನನ್ನ ಕಿವಿಯಲ್ಲಿದೆ.

ಎಂಟು ವಾರ ಮುಗಿದವು. ಕೊನೆಯ ದಿನ ನಾನು ಒಂದೊಂದನ್ನೇ ಹಿಡಿದು ಕೊಟ್ಟೆ. ಮನಸ್ಸಿನಲ್ಲೇ ಣಮೋಕಾರ ಮಂತ್ರ ಹೇಳಿಕೊಂಡೆ. ಮೇಡಂ ಮದ್ದು ಕೊಟ್ಟು ಮಲಗಿಸಿದರು. ಅವರ ಕಣ್ಣಲ್ಲೂ ನೀರಿತ್ತು. ಈ ಕೆಲಸದಲ್ಲಿ ಇರುವವರಿಗೆ ಕರುಳಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮೆದುಳನ್ನು ಕೂದಲೆಳೆಯಷ್ಟು ತೆಳ್ಳಗೆ ಹೆಚ್ಚಿ, ಬಣ್ಣ ಹಿಡಿಸಿ, ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಒಮ್ಮೆ ನನ್ನನ್ನು ಕರೆದು ತೋರಿಸಿದರು. ಮೆದುಳಿನಲ್ಲಿ ಕಾವಲು ಕಾಯುವ ಸಣ್ಣ ಸಣ್ಣ ಕೋಶಗಳಿವೆ. ಎಲ್ಲ ನೆಟ್ಟಗಿದ್ದಾಗ ಅವು ಎಲೆ ಉದುರಿದ ಬೇವಿನ ಮರದ ಹಾಗೆ ಟೊಂಗೆ ಚಾಚಿಕೊಂಡಿರುತ್ತವೆ. ಉರಿ ಹತ್ತಿದಾಗ ಟೊಂಗೆಗಳನ್ನು ಒಳಗೆ ಎಳೆದುಕೊಂಡು ಗುಂಡಗೆ ಉಬ್ಬುತ್ತವೆ. ಟೊಂಗೆಯವು ಎಷ್ಟು, ಗುಂಡಗಿನವು ಎಷ್ಟು ಎಂದು ಎಣಿಸಬೇಕು. ಎಣಿಸುವಾಗ ಮನಸ್ಸು ಒಂದು ಕಡೆ ವಾಲಬಾರದೆಂದು ಪಟ್ಟಿಗಳ ಮೇಲೆ ಬರೀ ನಂಬರು ಹಾಕಿದ್ದರು. ಯಾವ ನಂಬರು ಯಾವ ಸಾಲಿನದು ಎಂಬ ಚೀಟಿ ದೇಶಪಾಂಡೆ ಸರ್ ಮೇಜಿನ ಡ್ರಾದಲ್ಲಿತ್ತು.

ಎಣಿಕೆ ಮುಗಿಸಿದ ದಿನ ಸರ್ ಚೀಟಿ ತೆಗೆದು ಓದಿದರು, ಮೇಡಂ ಬರೆದುಕೊಂಡರು. ನಾನು ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅರ್ಧ ಚೀಟಿ ಮುಗಿಯುವಷ್ಟರಲ್ಲಿ ಮೇಡಂ ಬರೆಯುವುದನ್ನು ನಿಲ್ಲಿಸಿದರು.

"ಎರಡೂ ಸಾಲು ಹೆಚ್ಚುಕಡಿಮಿ ಒಂದ ಅದಾವ್ರಿ ಸರ್."

"ಓಡಿದ್ರೂ ಅಷ್ಟ, ಕುಂತ್ರೂ ಅಷ್ಟ ಅಂದಂಗಾತು. ಹಂಗಾರ ನಾಳಿಂದ ನಾ ವಾಕಿಂಗ್ ಬಿಡತೇನಿ ತಗೋ," ಎಂದರು ಸರ್. ಮೇಡಂ ನಗಲಿಲ್ಲ. ಸರ್ ಅಂಕಿಗಳ ಹಾಳೆ ಎಳೆದುಕೊಂಡು ನೋಡಿದರು. "ಕುಂತ ಇಲಿಗೆ ಸಕ್ಕರಿ ಏರಿ ನಿಂತಿಲ್ಲಲ್ಲವ. ತಿಂದದ್ದು ಅಷ್ಟ ಐತಿ. ಅಂದ್ರ ಚುಚ್ಚುಮದ್ದ ಸರಿ ಹತ್ತಿಲ್ಲ. ನಿನ್ನ ಕೈ ತಪ್ಪೇತಿ."

ಮೇಡಂ ತಮ್ಮ ಬಲಗೈಯನ್ನು ಒಮ್ಮೆ ನೋಡಿಕೊಂಡರು. ನಾನು ಮಾಡಿದ್ದೇನು ಎಂಬುದು ನನಗೆ ಆಗ ತಿಳಿಯಿತು. ಕಡಿಮೆ ತಿಂದದ್ದಕ್ಕೆ ಸಕ್ಕರೆ ಇಳಿದಿತ್ತು. ಇಳಿದದ್ದಕ್ಕೆ ಕೂತ ಇಲಿಗಳ ಮೆದುಳೂ ಆರಾಮವಾಗಿತ್ತು. ಪುಸ್ತಕದಲ್ಲಿ ನನ್ನ ಸುಳ್ಳು ಅಂಕಿ ಇದ್ದದ್ದಕ್ಕೆ ಅವರ ಕೈ ತಪ್ಪಿತಸ್ಥವಾಗಿತ್ತು. ಚಹಾ ಇಟ್ಟು ಹೊರಗೆ ಬಂದೆ. ಬ್ಯಾರಲಿನ ಇಲಿಯ ವಿಷಯ ಹೇಳಿದಂತೆ ಇದನ್ನೂ ಹೇಳಬಹುದಿತ್ತು. ಆದರೆ ಅದು ಒಂದು ಮುಂಜಾವಿನ ಮರೆವು. ಇದು ಏಳು ವಾರ, ದಿನಾ ಕೂತು ಬರೆದ ಸುಳ್ಳು.

ಮೇಡಂ ಪ್ರಯೋಗವನ್ನು ಮೊದಲಿನಿಂದ ಮತ್ತೆ ಮಾಡುತ್ತೇನೆಂದರು. ನನಗೆ ಜೀವ ಬಂತು. ಈ ಸಲ ಬುಟ್ಟಿ ತೆಗೆಯುವುದಿಲ್ಲ, ಎಲ್ಲ ಸರಿಯಾಗುತ್ತದೆ, ಹೇಳುವ ಅಗತ್ಯವೇ ಬೀಳುವುದಿಲ್ಲ ಎಂದುಕೊಂಡೆ. ನಾನು ಮಾಡಿದ ತಪ್ಪುಗಳಲ್ಲಿ ಇದು ಎಲ್ಲಕ್ಕಿಂತ ದೊಡ್ಡದು.

ಎರಡನೆಯ ಸಲ ಎಲ್ಲ ಸರಿಯಾಗಿಯೇ ಬಂತು. ಕೂತ ಇಲಿಗಳ ಕೋಶಗಳು ಗುಂಡಗೆ ಉಬ್ಬಿದ್ದವು, ಓಡಿದವುಗಳವು ಟೊಂಗೆ ಚಾಚಿದ್ದವು. ಮೇಡಂ ಖುಷಿಯಾಗುತ್ತಾರೆಂದು ನಾನು ಕಾಯುತ್ತಿದ್ದೆ. ಅವರು ಎರಡೂ ಸಲದ ಹಾಳೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತಿದ್ದರು.

"ಹಳೇದನ್ನ ಬಿಟ್ಟ ಬಿಡು," ಎಂದರು ಸರ್. "ಎರಡನೇದಷ್ಟ ಬರದು ಮುಗಸು."

"ಹೆಂಗ ಬಿಡ್ಲಿ ಸರ್? ಅದು ಯಾಕ ಹಂಗಾತು ಅಂತ ಗೊತ್ತಿಲ್ಲಲ್ಲ. ಚುಚ್ಚುಮದ್ದೂ ಅದ ಐತಿ, ಕೈನೂ ಅದ ಐತಿ, ಇಲೀನೂ ಅದ ಜಾತೀವ. ನನಗ ಬೇಕಾದ್ದು ಬಂದೈತಿ ಅಂತ ಇದನ್ನ ಖರೆ ಅಂತೇನಿ, ಬ್ಯಾಡಾದ್ದು ಬಂದಿತ್ತಂತ ಅದನ್ನ ಸುಳ್ಳ ಅಂತೇನಿ. ಹಂಗ ಆಗತೈತೇನ್ರಿ?"

"ಶೈಲಜಾ, ಹಿಂಗ ಅಂದ್ರ ಜಲ್ಮದಾಗ ಮುಗಿಯಂಗಿಲ್ಲ."

ಎರಡನ್ನೂ ಬರೆದರು. ಪ್ರಬಂಧ ನೋಡಿದ ಪರೀಕ್ಷಕರು ವಾಪಸು ಕಳಿಸಿದರು. ಒಂದಕ್ಕೊಂದು ವಿರುದ್ಧವಾದ ಫಲಗಳಿಗೆ ಕಾರಣ ಕೊಡಿ ಎಂದರು. ಕಾರಣ ಕಸಬರಿಗೆ ಹಿಡಿದು ಪಕ್ಕದ ಕೋಣೆಯಲ್ಲೇ ನಿಂತಿತ್ತು. ಮೂರನೆಯ ಸಲ ಮಾಡಲು ಹೊತ್ತೂ ಇರಲಿಲ್ಲ, ವಿಭಾಗದಲ್ಲಿ ಒಪ್ಪುವವರೂ ಇರಲಿಲ್ಲ. ದೊಡ್ಡ ಊರಿನ ಸಂಶೋಧನಾ ಸಂಸ್ಥೆಯೊಂದು ಮೇಡಂಗೆ ಕೆಲಸ ಕೊಡುತ್ತೇನೆಂದು ಹೇಳಿತ್ತು. ಪದವಿ ತಡವಾದದ್ದಕ್ಕೆ ಅದು ಬೇರೆಯವರಿಗೆ ಹೋಯಿತು. ಕೊನೆಗೆ ಪದವಿ ಬಂತು, ಆದರೆ ಅವರು ಸಂಶೋಧನೆ ಬಿಟ್ಟು ಗೋಕಾಕದಲ್ಲಿ ಸಕ್ಕರೆ ಕಾಯಿಲೆಯ ದವಾಖಾನೆ ತೆರೆದರು. ಹೊರಡುವ ದಿನ ಪ್ರಾಣಿಗೃಹಕ್ಕೆ ಬಂದು, ಎಂದಿನಂತೆ ಚಪ್ಪಲಿ ಬಿಟ್ಟು ಒಳಗೆ ಬಂದರು.

"ನಿಮ್ಮಷ್ಟ ಚಲೋ ಯಾರೂ ಸಾಕಂಗಿಲ್ಲ ಬಿಡ್ರಿ ಪಾಯಪ್ಪಣ್ಣ. ನನ್ನ ಕೈಯಾಗ ಏನೋ ದೋಷ ಐತಿ. ಮನಶಾರ್ಗೆ ಸೂಜಿ ಚುಚ್ಚೂದರಾಗ ತಪ್ಪಿದ್ರ ಗೊತ್ತರ ಆಗತೈತಿ."

ಆಗಲೂ ನಾನು ಬಾಯಿ ಬಿಡಲಿಲ್ಲ.

ದೇಶಪಾಂಡೆ ಸರ್ ತೀರಿಕೊಂಡರು. ಅವ್ವನೂ ಹೋದಳು. ನಾನು ನಿವೃತ್ತನಾಗಿ ಊರಿಗೆ ಬಂದ ಮೇಲೆ ನನಗೂ ಸಕ್ಕರೆ ಬಂತು. ಮೂಡಲಗಿಯ ಡಾಕ್ಟರು ಔಷಧ ಕೊಟ್ಟು, ದಿನಾ ನಡೆಯಿರಿ ಎಂದರು. ಮೆದುಳಿಗೂ ಒಳ್ಳೆಯದು ಎಂದೂ ಸೇರಿಸಿದರು. ಕಾಲುವೆಯ ದಂಡೆಯ ಮೇಲೆ ನಡೆಯುವಾಗ ಪ್ರತಿ ಹೆಜ್ಜೆಗೂ ಆ ಪುಸ್ತಕ ನೆನಪಾಗುತ್ತಿತ್ತು. ಒಂದು ತಿಂಗಳು ಹಾಗೇ ನಡೆದೆ. ಆಮೇಲೆ ಒಂದು ದಿನ ಗೋಕಾಕದ ಬಸ್ಸು ಹತ್ತಿದೆ.

ಮೇಡಂ ದವಾಖಾನೆಯಲ್ಲಿ ಗದ್ದಲವಿತ್ತು. ನನ್ನನ್ನು ನೋಡಿ ಎದ್ದು ಬಂದರು. ಕೂದಲು ಬೆಳ್ಳಗಾಗಿತ್ತು.

"ಪಾಯಪ್ಪಣ್ಣ. ಬರ್ರಿ, ಒಳಗ ಬರ್ರಿ. ಸೊರಗೀರಲ್ಲ. ನಿಮಗೂ ಬಂತೇನು ನಮ್ಮ ಇಲಿಗಳ ಬ್ಯಾನಿ?"

ಎಲ್ಲ ಪೇಷಂಟುಗಳು ಹೋಗುವವರೆಗೆ ಕಾದು ಕೂತೆ. ಆಮೇಲೆ ಹೇಳಿದೆ. ಅವ್ವ ಅಂದದ್ದು, ಬುಟ್ಟಿ ತೆಗೆದದ್ದು, ಸುಳ್ಳು ಅಂಕಿ ಬರೆದದ್ದು, ಅವರ ಮುಖ ನೋಡಿ ಹೇಳಿದ ಮಾತು. ಹೇಳುವಷ್ಟು ಹೊತ್ತೂ ಮೇಜಿನ ಅಂಚನ್ನೇ ನೋಡುತ್ತಿದ್ದೆ. ಮುಗಿದ ಮೇಲೆ ತಲೆಯೆತ್ತಿ ನೋಡಿದರೆ ಅವರು ತಮ್ಮ ಬಲಗೈಯನ್ನು ಮೇಜಿನ ಮೇಲೆ ಬಿಡಿಸಿ ಇಟ್ಟುಕೊಂಡು ನೋಡುತ್ತಿದ್ದರು.

"ಹಂಗಾರ ನನ್ನ ಕೈ ತಪ್ಪಿರಲಿಲ್ಲ."

"ಇಲ್ರಿ ಮೇಡಂ. ಎಂದೂ ತಪ್ಪಿರಲಿಲ್ಲ."

"ಒಂದ ಮಾತ ಹೇಳಿದ್ರ ಆಗತಿತ್ತಲ್ಲರಿ. ಒಂದ ಮಾತ." ಧ್ವನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು. ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತರು. ತಿರುಗಿ ಬಂದಾಗ ಅವರ ಮುಖ ಬೇರೆಯಾಗಿತ್ತು. ಹಳೆಯ ಮುಖ, ಸೂಕ್ಷ್ಮದರ್ಶಕದ ಮುಂದೆ ಕೂತಾಗಿನ ಮುಖ. ಒಂದು ಹಾಳೆ, ಪೆನ್ನು ತೆಗೆದುಕೊಂಡರು.

"ಎಷ್ಟೊತ್ತಿಗೆ ತಗೀತಿದ್ರಿ ಬುಟ್ಟಿ?"

"ಹೊತ್ತ ಮುಳಗೂಕಿಂತ ಸ್ವಲ್ಪ ಮೊದಲ್ರಿ."

"ಮುಂಜಾನೆ ಇಡೂದು?"

"ಬೆಳಕ ಹರದ ಕೂಡ್ಲೆ."

"ದಿನಾ? ಒಂದ ದಿನಾನೂ ತಪ್ಪಿಲ್ಲ?"

"ತಪ್ಪಿಲ್ರಿ. ಆ ಏಳು ವಾರ ನಾ ಊರಿಗೂ ಹೋಗಲಿಲ್ಲ."

ಅವರು ಬೇಗ ಬೇಗ ಬರೆಯುತ್ತಿದ್ದರು. "ತಿಳಿತೇನ್ರಿ ಪಾಯಪ್ಪಣ್ಣ, ಓಡದ ಬರೇ ಹೊತ್ತ ನೋಡಿ ಉಂಡ್ರೂ ಮೆದುಳಿನ್ಯಾಗಿನ ಉರಿ ಇಳದೈತಿ. ಎರಡೂ ಸಲದ್ದೂ ಖರೇನ ಇತ್ತು. ಆವಾಗ ಈ ಪ್ರಶ್ನೆ ಕೇಳಿದವ್ರು ಭಾಳ ಮಂದಿ ಇರಲಿಲ್ಲ. ನೀವು ಹೇಳಿದ್ರ ನಾ ಅದನ್ನ ಹಿಡದು ಮುಂದ ಹೋಗತಿದ್ನಿ." ಪೆನ್ನು ನಿಂತಿತು. "ಹೊತ್ತ ನೋಡಿ ಉಂಡದ್ದಕ್ಕ ಇಳಿತೋ, ಕಡಿಮಿ ಉಂಡದ್ದಕ್ಕ ಇಳಿತೋ, ಅದ ಗೊತ್ತಾಗಬೇಕು. ಎಷ್ಟ ತಿಂತಿದ್ವು ದಿನಾ? ನೆನಪ ಮಾಡಿ ಹೇಳ್ರಿ."

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಕಣ್ಣ ಮುಂದೆ ಬಂದದ್ದು ಬರೆದ ಅಂಕಿಗಳು, ಆ ದುಂಡನೆಯ ಸುಳ್ಳು ಅಂಕಿಗಳು ಮಾತ್ರ. ಖರೆ ಅಂಕಿಯನ್ನು ಕೆಲವೇ ದಿನ ನೋಡಿದ್ದೆ, ಆಮೇಲೆ ತೂಗಿಯೇ ಇರಲಿಲ್ಲ. ಅದು ಯಾವ ಪುಸ್ತಕದಲ್ಲೂ ಇಲ್ಲ, ಯಾರ ತಲೆಯಲ್ಲೂ ಇಲ್ಲ.

"ಗೊತ್ತಿಲ್ರಿ ಮೇಡಂ."

ಅವರು ನನ್ನನ್ನು ಬೈಯಲಿಲ್ಲ. ಬುಟ್ಟಿ ತೆಗೆದದ್ದಕ್ಕೆ ಅವರಿಗೆ ಸಿಟ್ಟೇ ಬಂದಂತಿರಲಿಲ್ಲ. ಖರೆ ಅಂಕಿ ಬರೆದಿಟ್ಟಿದ್ದರೆ ಅದೂ ಒಂದು ಪ್ರಯೋಗವೇ ಆಗಿಬಿಡುತ್ತಿತ್ತು. ಹಾಳೆಯ ಕೊನೆಯಲ್ಲಿ, ತಿಂದ ಆಹಾರ ಎಂದು ಬರೆದು ಅದರ ಮುಂದೆ ಗೊತ್ತಿಲ್ಲ ಎಂದು ಬರೆದರು. ಹಾಳೆಯನ್ನು ನನ್ನ ಕಡೆ ತಿರುಗಿಸಿ, ಪೆನ್ನು ಕೊಟ್ಟು, ಆ ಪದದ ಬಾಜೂ ಬೆರಳಿಟ್ಟು ತೋರಿಸಿದರು.

ನಾನು ಅಲ್ಲಿ ಸಹಿ ಮಾಡಿದೆ.